ವೈಫೈ ನಿಧಾನವೋ, ಲೈನ್ ನಿಧಾನವೋ? ಫೋನಿನಲ್ಲೇ ಪತ್ತೆ ಹಚ್ಚುವ ಬಗೆ

ಮನೆಯಲ್ಲಿ ಇಂಟರ್ನೆಟ್ ನಿಧಾನವಾಯಿತೆಂದರೆ ಮೊದಲು ರೂಟರಿನ ಸ್ವಿಚ್ ಆರಿಸಿ ಮತ್ತೆ ಹಾಕುತ್ತೇವೆ. ಅದಕ್ಕೂ ಬಗ್ಗದಿದ್ದರೆ ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿ ರೇಗುತ್ತೇವೆ. ‘ನಮ್ ಕಡೆಯಿಂದ ಸರಿಯಾಗೇ ಬರ್ತಿದೆ ಸರ್, ಪ್ಲಾನ್ ಅಪ್‌ಗ್ರೇಡ್ ಮಾಡಿಸ್ಕೊಳ್ಳಿ’ ಎಂದು ಅವರು ಹೇಳಿದರೆ ತಿಂಗಳಿಗೆ ಒಂದಿಷ್ಟು ಜಾಸ್ತಿ ಕೊಟ್ಟು 100 ಎಂಬಿಪಿಎಸ್‌ನಿಂದ 300ಕ್ಕೆ ಏರುತ್ತೇವೆ. ಆಮೇಲೂ ಹಾಲಿನ ಟಿವಿ ಚೆನ್ನಾಗಿ ಓಡುತ್ತದೆ, ಮೇಲಿನ ಕೋಣೆಯ ವಿಡಿಯೊ ಕಾಲ್ ಮೊದಲಿನ ಹಾಗೆಯೇ ತಡವರಿಸುತ್ತದೆ. ದುಡ್ಡು ಹೋಯಿತು, ತೊಂದರೆ ಹೋಗಲಿಲ್ಲ. ತೊಂದರೆ ಎಲ್ಲಿದೆ ಎಂದು ನೋಡುವ ಮೊದಲೇ ಮದ್ದು ಮಾಡಿದ್ದರ ಫಲ ಇದು.

ನಿಮ್ಮ ಫೋನಿಗೂ ಯೂಟ್ಯೂಬಿಗೂ ನಡುವಿನ ದಾರಿಯಲ್ಲಿ ಮುಖ್ಯವಾಗಿ ಎರಡು ಭಾಗ. ಫೋನಿನಿಂದ ರೂಟರಿನವರೆಗೆ ಗಾಳಿಯಲ್ಲಿ ಹೋಗುವುದು ಒಂದು, ಇದೇ ವೈಫೈ. ರೂಟರಿನಿಂದ ಆಚೆಗೆ ಫೈಬರ್ ಎಳೆಯಲ್ಲಿ ಹೋಗುವುದು ಇನ್ನೊಂದು. ತಿಂಗಳ ಬಿಲ್ಲು ಕಟ್ಟುವುದು ಇದಕ್ಕೆ. ಪ್ಲಾನ್ ಏರಿಸಿದರೆ ಎರಡನೆಯದು ಮಾತ್ರ ಅಗಲವಾಗುತ್ತದೆ. ಗಾಳಿಯ ಭಾಗದಲ್ಲಿ ದೋಷವಿದ್ದರೆ ಸಾವಿರ ಎಂಬಿಪಿಎಸ್ ತಂದು ಸುರಿದರೂ ಮೇಲಿನ ಕೋಣೆಗೆ ತಲುಪುವುದು ಅಷ್ಟೇ. ದೋಷ ಯಾವ ಭಾಗದಲ್ಲಿದೆ ಎಂದು ಪತ್ತೆ ಹಚ್ಚಲು ಬೇಕಾದ ಸಾಮಾನು ಕೈಯಲ್ಲಿರುವ ಫೋನಿನಲ್ಲೇ ಇದೆ, ಅದೂ ಬಿಟ್ಟಿಯಾಗಿ. ಆದರೆ ಆ್ಯಪ್ ತೋರಿಸುವ ಅಂಕಿಗಳಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂಬುದು ಗೊತ್ತಿರಬೇಕು.

ಮೊದಲ ಪರೀಕ್ಷೆಗೆ ವಿಶೇಷ ಆ್ಯಪ್ ಏನೂ ಬೇಡ. ರೂಟರಿನಿಂದ ನಾಲ್ಕೈದು ಅಡಿ ದೂರದಲ್ಲಿ ನಿಂತು ಊಕ್ಲಾದ ಸ್ಪೀಡ್‌ಟೆಸ್ಟ್ ಅಥವಾ ನೆಟ್‌ಫ್ಲಿಕ್ಸ್‌ನವರ ಫಾಸ್ಟ್ ಡಾಟ್ ಕಾಮ್ ಓಡಿಸಿ. ಮೊಬೈಲ್ ಡೇಟಾ ಆಫ್ ಆಗಿರಲಿ. ಮನೆಯ ಮಿಕ್ಕವರು ದೊಡ್ಡ ಡೌನ್‌ಲೋಡ್ ಮಾಡುತ್ತಿರಬಾರದು. ಆಮೇಲೆ ತೊಂದರೆ ಇರುವ ಕೋಣೆಗೆ ಹೋಗಿ ಅದೇ ಫೋನಿನಲ್ಲಿ ಮತ್ತೆ ಓಡಿಸಿ. ಹತ್ತಿರದಲ್ಲಿ ಪ್ಲಾನಿನಷ್ಟು ಬಂದು ಕೋಣೆಯಲ್ಲಿ ಹತ್ತರಲ್ಲೊಂದು ಪಾಲಿಗೆ ಇಳಿದರೆ ತಪ್ಪು ವೈಫೈನದು, ಕನೆಕ್ಷನ್‌ನವರ ಮೇಲೆ ಸಿಟ್ಟು ಮಾಡುವುದರಲ್ಲಿ ಅರ್ಥವಿಲ್ಲ. ಹತ್ತಿರದಲ್ಲೇ ಅರ್ಧ ಬರುತ್ತಿದ್ದರೆ ಲೈನನ್ನೋ ರೂಟರನ್ನೋ ಅನುಮಾನಿಸಬೇಕು. ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಸಿಕ್ಕಿಸಿ ಅಳೆದರೆ ಅನುಮಾನವೂ ಉಳಿಯುವುದಿಲ್ಲ.

ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ವೈಫೈ ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳಲ್ಲಿ, ಅಂದರೆ ಬ್ಯಾಂಡುಗಳಲ್ಲಿ ಓಡುತ್ತದೆ. ರೂಟರಿನ ಪಕ್ಕದಲ್ಲೇ ನಿಂತರೂ ಫೋನು 2.4 ಗಿಗಾಹರ್ಟ್ಸ್‌ಗೆ ಅಂಟಿಕೊಂಡಿದ್ದರೆ 300ರ ಪ್ಲಾನಿನಲ್ಲಿ 40 ಮಾತ್ರ ತೋರಿಸಬಹುದು. ಒಂದೇ ಆಂಟೆನಾ ಬಳಸುವ ಫೋನು ಆ ಬ್ಯಾಂಡಿನಲ್ಲಿ ವೈಫೈ 4 ಎಂಬ ಹಳೆಯ ಪೀಳಿಗೆಯ ಲೆಕ್ಕದಲ್ಲಿ ಮಾಡಿಕೊಳ್ಳುವ ಗರಿಷ್ಠ ಒಪ್ಪಂದವೇ 72 ಎಂಬಿಪಿಎಸ್. ಫೋನಿನ ವೈಫೈ ವಿವರದಲ್ಲಿ ‘ಲಿಂಕ್ ಸ್ಪೀಡ್’ ಎಂದು ಕಾಣುವ ಅಂಕಿ ಇದೇ. ಇದು ರೂಟರೂ ಫೋನೂ ತಮ್ಮೊಳಗೆ ಒಪ್ಪಿಕೊಂಡ ವೇಗ, ಇಂಟರ್ನೆಟ್ ವೇಗವಲ್ಲ. ಸರದಿ ಕಾಯುವುದು, ‘ತಲುಪಿತು’ ಎಂದು ಉತ್ತರ ಕೊಡುವುದು ಇತ್ಯಾದಿಗೆ ಒಂದಷ್ಟು ಹೋಗಿ ಕೈಗೆ ಸಿಗುವುದು ಹೆಚ್ಚುಕಡಿಮೆ ಅದರ ಅರ್ಧ. ಅದೇ ಫೋನು 5 ಗಿಗಾಹರ್ಟ್ಸ್‌ನಲ್ಲಿ 433 ಎಂದು ತೋರಿಸುತ್ತದೆ, ಎರಡು ಆಂಟೆನಾದ ಫೋನಾದರೆ 866. ಆದ್ದರಿಂದ ವೇಗ ಅಳೆಯುವ ಮುಂಚೆ ಯಾವ ಬ್ಯಾಂಡಿನಲ್ಲಿದ್ದೀರಿ ಎಂದು ನೋಡಿಕೊಳ್ಳಿ. (ಸ್ಮಾರ್ಟ್ ಟಿವಿಗೆ ಕೇಬಲ್ ಹಾಕಿದರೂ 94–95 ದಾಟುತ್ತಿಲ್ಲ ಎಂದು ತಲೆಕೆಡಿಸಿಕೊಂಡವರಿಗೆ ಒಂದು ಮಾತು: ಬಹಳಷ್ಟು ಟಿವಿಗಳ ಲ್ಯಾನ್ ಪೋರ್ಟೇ 100 ಎಂಬಿಪಿಎಸ್‌ನದು.)

ಇನ್ನೊಂದು ಪರೀಕ್ಷೆ ಪಿಂಗ್, ಅಂದರೆ ಒಂದು ವಿಳಾಸಕ್ಕೆ ಪುಟ್ಟ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ಅಳೆಯುವುದು. ಫಿಂಗ್, ಪಿಂಗ್‌ಟೂಲ್ಸ್‌ನಂಥ ಆ್ಯಪ್‌ಗಳಲ್ಲಿ ಇದಿದೆ. ರೂಟರಿಗೆ ಮನೆಯೊಳಗಿನದೇ ಒಂದು ವಿಳಾಸ ಇರುತ್ತದೆ; ವೈಫೈ ವಿವರದಲ್ಲಿ ‘ಗೇಟ್‌ವೇ’ ಎಂದು ಬರೆದಿರುತ್ತದೆ. 192.168.1.1 ಸಾಮಾನ್ಯ, ಜಿಯೊ ಫೈಬರ್ ರೂಟರುಗಳಲ್ಲಿ 192.168.29.1. ಆ ವಿಳಾಸಕ್ಕೆ ಪಿಂಗ್ ಮಾಡಿದರೆ ಉತ್ತರ ಕೆಲವೇ ಮಿಲಿಸೆಕೆಂಡಿನಲ್ಲಿ ಬರಬೇಕು. ಫೋನು ಬ್ಯಾಟರಿ ಉಳಿಸಲು ವೈಫೈಯನ್ನು ಆಗಾಗ ಮಲಗಿಸುವುದರಿಂದ ಮೊದಲ ಒಂದೆರಡು ಉತ್ತರ ತಡವಾದರೆ ಲೆಕ್ಕಕ್ಕಿಲ್ಲ. ಆದರೆ 4, 6, 180, 5, 240, ‘ಉತ್ತರ ಇಲ್ಲ’, 7 ಎಂದು ಅಂಕಿ ಕುಣಿಯುತ್ತಿದ್ದರೆ ದೋಷ ನಿಮ್ಮ ಮನೆಯ ಗಾಳಿಯಲ್ಲೇ ಇದೆ. ಡೇಟಾ ಇನ್ನೂ ಹೊಸಿಲು ದಾಟಿಲ್ಲ. ಗೇಟ್‌ವೇ ಉತ್ತರ ನೆಟ್ಟಗಿದ್ದು, ಗೂಗಲ್‌ನ 8.8.8.8 ವಿಳಾಸಕ್ಕೆ ಮಾಡಿದ ಪಿಂಗ್ ಕುಣಿಯುತ್ತಿದ್ದರೆ ದೋಷ ಹೊರಗಿನ ಲೈನಿನಲ್ಲಿ. ಸ್ಪೀಡ್ ಟೆಸ್ಟಿಗಿಂತ ಈ ಪರೀಕ್ಷೆಯ ಮೇಲೆಯೇ ನನಗೆ ನಂಬಿಕೆ ಜಾಸ್ತಿ. ವಿಡಿಯೊ ಕಾಲ್ ತಡವರಿಸುವುದು ವೇಗ ಸಾಲದೆ ಅಲ್ಲ, ಬಹುಪಾಲು ಈ ಕುಣಿತದಿಂದಲೇ.

ಮೈನಸ್ ಅಂಕಿಯ ಲೆಕ್ಕ

ತಪ್ಪು ವೈಫೈನದೇ ಎಂದು ಗೊತ್ತಾಯಿತು ಎನ್ನೋಣ. ಈಗ ಅನಲೈಸರ್ ಆ್ಯಪ್, ಅಂದರೆ ಸುತ್ತಲಿನ ವೈಫೈ ಸಿಗ್ನಲ್ ಅಳೆದು ತೋರಿಸುವ ಆ್ಯಪ್ ತೆರೆಯಬೇಕು. ತೆರೆದ ಕೂಡಲೇ ಕಾಣುವುದು -47, -63, -81 ಎಂಬ ಮೈನಸ್ ಅಂಕಿಗಳು. ಫೋನಿನ ಮೂಲೆಯಲ್ಲಿರುವ ವೈಫೈ ಗುರುತಿನಲ್ಲಿ ಎಷ್ಟು ಗೆರೆ ತುಂಬಿರಬೇಕು ಎಂಬುದು ಫೋನ್ ತಯಾರಿಸಿದವರ ಇಷ್ಟ. ಒಬ್ಬರ ಪೂರ್ತಿ ಗೆರೆ ಇನ್ನೊಬ್ಬರ ಮುಕ್ಕಾಲು. ಈ ಮೈನಸ್ ಅಂಕಿ ಹಾಗಲ್ಲ, ಅದಕ್ಕೊಂದು ಅಳತೆ ಇದೆ. ಅದರ ಹೆಸರು ಡಿಬಿಎಂ. ಒಂದು ಮಿಲಿವ್ಯಾಟ್ ಶಕ್ತಿಯನ್ನು ಸೊನ್ನೆ ಎಂದಿಟ್ಟುಕೊಂಡು ಅದಕ್ಕಿಂತ ಎಷ್ಟು ಕಡಿಮೆ ಎಂದು ಹೇಳುವ ಲೆಕ್ಕ.

ಈ ಲೆಕ್ಕ ಗುಣಾಕಾರದ್ದು. 3 ಇಳಿದರೆ ಶಕ್ತಿ ಅರ್ಧ, 10 ಇಳಿದರೆ ಹತ್ತರಲ್ಲೊಂದು, 30 ಇಳಿದರೆ ಸಾವಿರದಲ್ಲೊಂದು. -30 ಎಂದರೆ ಒಂದು ಮಿಲಿವ್ಯಾಟಿನ ಸಾವಿರದಲ್ಲೊಂದು ಪಾಲು, -60 ಎಂದರೆ ಹತ್ತು ಲಕ್ಷದಲ್ಲೊಂದು, -90 ಎಂದರೆ ನೂರು ಕೋಟಿಯಲ್ಲೊಂದು. ಇಷ್ಟು ಸಣ್ಣ ಶಕ್ತಿಯನ್ನು ಹಿಡಿದು ಸಿನಿಮಾ ತೋರಿಸುವ ಫೋನಿನ ಕೆಲಸ ಸಾಮಾನ್ಯದ್ದಲ್ಲ. ನಮ್ಮ ಕೆಲಸಕ್ಕೆ ನೆನಪಿಡಬೇಕಾದ್ದು ಇಷ್ಟು: -50ರ ಆಸುಪಾಸು ಅತ್ಯುತ್ತಮ, ವಿಡಿಯೊ ಕಾಲಿಗೆ -67ರವರೆಗೆ ನಿಶ್ಚಿಂತೆ, -70 ದಾಟಿದರೆ ಎಳೆದಾಟ, -80ರಲ್ಲಿ ವಾಟ್ಸಾಪ್ ಸಂದೇಶ ಹೋದೀತು, ಕಾಲ್ ನಿಲ್ಲದು, -90 ಎಂದರೆ ರೂಟರಿನ ಹೆಸರು ಪಟ್ಟಿಯಲ್ಲಿ ಕಾಣುತ್ತದೆ, ಪ್ರಯೋಜನವಿಲ್ಲ. ಅಲ್ಲಿಂದ ಕೆಳಗೆ ಸಿಗ್ನಲ್ಲೂ ಹಿನ್ನೆಲೆಯ ಗದ್ದಲವೂ ಒಂದರೊಳಗೊಂದು ಕಲಸಿಹೋಗುತ್ತವೆ.

ಆಪಲ್ ಪ್ರಕಟಿಸಿರುವ ಮಾಹಿತಿಯ ಪ್ರಕಾರ ಐಫೋನು ತಾನು ಹಿಡಿದಿರುವ ಸಿಗ್ನಲ್ -70ಕ್ಕಿಂತ ಕೆಳಗಿಳಿಯುವವರೆಗೆ ಬೇರೆ ರೂಟರ್ ಹುಡುಕಲು ಹೋಗುವುದಿಲ್ಲ. ಮೇಲೊಂದು, ಕೆಳಗೊಂದು ರೂಟರ್ ಇಟ್ಟುಕೊಂಡ ಮನೆಗಳಲ್ಲಿ ‘ಪಕ್ಕದಲ್ಲೇ ರೂಟರ್ ಇದ್ದರೂ ಫೋನು ಕೆಳಗಿನದನ್ನೇ ಹಿಡಿದುಕೊಂಡಿರುತ್ತದಲ್ಲ’ ಎಂಬ ದೂರಿಗೆ ಇದೇ ಕಾರಣ. ಯಾವ ರೂಟರಿಗೆ ಅಂಟಿಕೊಳ್ಳಬೇಕೆಂದು ನಿರ್ಧರಿಸುವುದು ಮುಖ್ಯವಾಗಿ ಫೋನು.

ಯಾವ ಆ್ಯಪ್?

ಆಂಡ್ರಾಯ್ಡ್ ಇದ್ದರೆ ಆಯ್ಕೆ ಧಾರಾಳ. ನನ್ನ ಒಲವು ವಿಆರ್‌ಇಎಂ ಸಾಫ್ಟ್‌ವೇರ್‌ನವರ ‘ವೈಫೈಅನಲೈಸರ್’ ಕಡೆಗೆ. ಅದು ಮುಕ್ತ ತಂತ್ರಾಂಶ, ಜಾಹೀರಾತಿಲ್ಲ, ಇಂಟರ್ನೆಟ್ ಅನುಮತಿಯನ್ನೇ ಕೇಳುವುದಿಲ್ಲ; ಕಂಡಿದ್ದನ್ನು ಯಾರಿಗೂ ಹೇಳಲು ಅದಕ್ಕೆ ದಾರಿಯೇ ಇಲ್ಲ. ಯುಬಿಕ್ವಿಟಿ ಕಂಪನಿಯ ‘ವೈಫೈಮ್ಯಾನ್’ ಕೂಡ ಬಿಟ್ಟಿ, ಜಾಹೀರಾತಿಲ್ಲದ್ದು; ವೇಗ, ಸಿಗ್ನಲ್, ಮನೆಯೊಳಗಿನ ಸಾಧನಗಳು ಎಲ್ಲವೂ ಒಂದೇ ಕಡೆ ಸಿಗುತ್ತವೆ. ‘ವೈಫೈ ಬೂಸ್ಟರ್’, ‘ವೈಫೈ ಸ್ಪೀಡ್ ಡಬಲ್’ ಎಂಬ ಹೆಸರಿನವನ್ನು ಮಾತ್ರ ಮುಟ್ಟಬೇಡಿ. ಫೋನಿನ ಆಂಟೆನಾಕ್ಕೆ ಆ್ಯಪ್ ಶಕ್ತಿ ತುಂಬಲಾರದು. ಅವು ತುಂಬುವುದು ಜಾಹೀರಾತನ್ನು.

ಇಂಥ ಆ್ಯಪ್ ಮೊದಲ ಸಲ ತೆರೆದಾಗ ‘ಲೊಕೇಶನ್’ ಅನುಮತಿ ಕೇಳುತ್ತದೆ. ಸಿಗ್ನಲ್ ನೋಡುವುದಕ್ಕೆ ನಾನೆಲ್ಲಿದ್ದೇನೆ ಎಂದು ಯಾಕೆ ತಿಳಿಯಬೇಕು ಎಂದು ಅನುಮಾನ ಬರುವುದು ಸಹಜ. ಇದು ಆ್ಯಪ್‌ನವರ ಕುತೂಹಲವಲ್ಲ, ಆಂಡ್ರಾಯ್ಡ್‌ನ ನಿಯಮ. ಪ್ರತಿ ರೂಟರಿಗೂ ತನ್ನದೇ ಒಂದು ಸಂಖ್ಯೆಯಿದೆ, ಅದನ್ನದು ಸದಾ ಬಿತ್ತರಿಸುತ್ತಿರುತ್ತದೆ. ಯಾವ ಸಂಖ್ಯೆಯ ರೂಟರ್ ಯಾವ ಬೀದಿಯಲ್ಲಿದೆ ಎಂಬ ಪಟ್ಟಿ ಗೂಗಲ್, ಆಪಲ್‌ನಂಥ ಕಂಪನಿಗಳ ಬಳಿ ಇದೆ. ಜಿಪಿಎಸ್ ಸಿಗದ ಕಟ್ಟಡದೊಳಗೂ ಮ್ಯಾಪು ನಿಮ್ಮನ್ನು ಗುರುತಿಸುವುದು ಇದರಿಂದಲೇ. ಅಂದರೆ ಸುತ್ತಲಿನ ವೈಫೈ ಪಟ್ಟಿ ಸಿಕ್ಕಿತೆಂದರೆ ನಿಮ್ಮ ಜಾಗ ಸಿಕ್ಕಿದಂತೆ. ಅದಕ್ಕಾಗಿ ಆಂಡ್ರಾಯ್ಡ್ 6ರಿಂದ ಈ ಪಟ್ಟಿ ಬೇಕೆಂದರೆ ಲೊಕೇಶನ್ ಅನುಮತಿ ಕಡ್ಡಾಯ. ‘ಬಳಸುವಾಗ ಮಾತ್ರ’ ಎಂದು ಕೊಟ್ಟರೆ ಸಾಕು. ಕಾಂಟ್ಯಾಕ್ಟ್ ಪಟ್ಟಿ, ಎಸ್‌ಎಂಎಸ್ ಕೇಳಿದರೆ ಅಲ್ಲಿಗೇ ಅಳಿಸಿಹಾಕಿ.

ಇನ್ನೊಂದು ನಿರ್ಬಂಧ ಕಿರಿಕಿರಿಯದ್ದು. 2018ರ ಆಂಡ್ರಾಯ್ಡ್ 9ರಿಂದ ಒಂದು ಆ್ಯಪ್ ಎರಡು ನಿಮಿಷಕ್ಕೆ ನಾಲ್ಕು ಸಲ ಮಾತ್ರ ಸುತ್ತಲಿನ ವೈಫೈ ಹುಡುಕಬಹುದು. ಬ್ಯಾಟರಿ ಉಳಿಸಲು ಮಾಡಿದ್ದು. ಇದು ಗೊತ್ತಿಲ್ಲದೆ ಮನೆಯೆಲ್ಲ ಓಡಾಡಿದರೆ ಅಡುಗೆಮನೆಯಲ್ಲಿ ನಿಂತು ಹಾಲಿನ ಅಂಕಿ ಓದುತ್ತಿರುತ್ತೀರಿ. ಒಂದೊಂದು ಜಾಗದಲ್ಲಿ ಅರ್ಧ ನಿಮಿಷ ನಿಲ್ಲಬೇಕು. ಇಲ್ಲವೇ ಡೆವಲಪರ್ ಆಯ್ಕೆಗಳನ್ನು ತೆರೆದು (‘ಬಿಲ್ಡ್ ನಂಬರ್’ ಮೇಲೆ ಏಳು ಸಲ ತಟ್ಟುವುದು) ಅಲ್ಲಿರುವ ವೈಫೈ ಸ್ಕ್ಯಾನ್ ಥ್ರಾಟ್ಲಿಂಗ್ ಎಂಬ ಈ ಮಿತಿಯನ್ನು ಆಫ್ ಮಾಡಬಹುದು. ಆಂಡ್ರಾಯ್ಡ್ 10ರಿಂದ ಈ ಸೌಲಭ್ಯವಿದೆ. ನೀವೀಗ ಸೇರಿಕೊಂಡಿರುವ ಸ್ವಂತ ರೂಟರಿನ ಅಂಕಿ ಮಾತ್ರ ಇದಕ್ಕಿಂತ ಬೇಗ ಬೇಗ ಬದಲಾಗುತ್ತದೆ.

ಐಫೋನಿನವರ ಕಥೆ ಬೇರೆ. 2010ರ ಮಾರ್ಚ್‌ನಲ್ಲಿ ಆಪಲ್ ತನ್ನ ಆ್ಯಪ್ ಸ್ಟೋರ್‌ನಿಂದ ವೈಫೈ ಹುಡುಕುವ ಆ್ಯಪ್‌ಗಳನ್ನು ಕಿತ್ತುಹಾಕಿತು. ಹೊರಗಿನವರ ಆ್ಯಪ್‌ಗೆ ನೆರೆಯ ವೈಫೈಗಳ ಪಟ್ಟಿಯನ್ನು ಅದು ಇವತ್ತಿಗೂ ಹಾಗೆ ಸಲೀಸಾಗಿ ಕೊಡುವುದಿಲ್ಲ. ದಾರಿ ಒಂದೇ: ಆಪಲ್‌ನದೇ ‘ಏರ್‌ಪೋರ್ಟ್ ಯುಟಿಲಿಟಿ’. ಅದನ್ನು ಹಾಕಿಕೊಂಡು, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಹೆಸರಿನಡಿ ‘ವೈಫೈ ಸ್ಕ್ಯಾನರ್’ ಆನ್ ಮಾಡಬೇಕು. ಆಪಲ್ ಏರ್‌ಪೋರ್ಟ್ ರೂಟರುಗಳ ತಯಾರಿಕೆಯನ್ನು 2018ರಲ್ಲೇ ಕೈಬಿಟ್ಟಿತು. ಆ ರೂಟರಿಗೆಂದು ಮಾಡಿದ ಆ್ಯಪ್ ಈಗ ಬೇರೆಯವರ ರೂಟರುಗಳನ್ನು ನೋಡುವುದಕ್ಕೇ ಹೆಚ್ಚು ಕೆಲಸಕ್ಕೆ ಬರುತ್ತಿದೆ. ಗ್ರಾಫ್ ಇಲ್ಲ, ಚಂದವಿಲ್ಲ, ಆದರೆ ಅಂಕಿ ಸರಿಯಾಗಿರುತ್ತದೆ.

ಮನೆ ಸುತ್ತುವ ಕೆಲಸ

ಬೆಂಗಳೂರು, ಮೈಸೂರಿನ ಬಡಾವಣೆಗಳ ಮೂವತ್ತು–ನಲವತ್ತರ ಸೈಟಿನ ಮನೆಯನ್ನೇ ತೆಗೆದುಕೊಳ್ಳಿ. ಕೆಳಗೆ ಹಾಲು, ಅಡುಗೆಮನೆ, ಒಂದು ರೂಮು; ಮೇಲೆ ಎರಡು ರೂಮು. ಫೈಬರ್ ಎಳೆದ ಹುಡುಗರಿಗೆ ಬೇಗ ಮುಗಿಸುವ ಅವಸರ. ಮುಂಬಾಗಿಲಿನ ಪಕ್ಕದ ಕಿಟಕಿಯಿಂದ ಎಳೆ ತಂದು, ಟಿವಿ ಯೂನಿಟ್ಟಿನ ಮೂಲೆಯಲ್ಲಿ ಡಬ್ಬಿ ಕೂರಿಸಿ ಹೊರಟುಬಿಡುತ್ತಾರೆ. ಅಂದರೆ ರೂಟರ್ ಮನೆಯ ಒಂದು ತುದಿಯಲ್ಲಿ. ಅದರ ಸಿಗ್ನಲ್‌ನ ಅರ್ಧ ಹೋಗುವುದು ರಸ್ತೆಗೆ. ಬೀದಿಯ ನಾಯಿಗೆ ಒಳ್ಳೆಯ ವೈಫೈ, ಹಿಂದಿನ ಮೇಲ್ಕೋಣೆಗೆ ಉಪವಾಸ.

ಇಂಥ ಮನೆಯಲ್ಲಿ ಅಳೆಯುತ್ತ ಹೋದರೆ ಸಾಮಾನ್ಯವಾಗಿ ಹೀಗೆ ಸಿಗುತ್ತದೆ: ಟಿವಿ ಮುಂದಿನ ಸೋಫಾದಲ್ಲಿ -42. ಅಡುಗೆಮನೆಯ ಬಾಗಿಲಲ್ಲಿ -55, ಒಳಗೆ ಫ್ರಿಜ್ಜಿನ ಮರೆಯಲ್ಲಿ -64. ಮೆಟ್ಟಿಲ ತಿರುವಿನಲ್ಲಿ -58. ಮೇಲೆ ಮುಂದಿನ ರೂಮಿನಲ್ಲಿ -68, ಹಿಂದಿನ ರೂಮಿನ ಮೇಜಿನ ಮೇಲೆ -79. ಇವು 5 ಗಿಗಾಹರ್ಟ್ಸ್‌ನ ಅಂಕಿಗಳು, 2.4ರಲ್ಲಿ ಅದೇ ಮೇಜಿನ ಮೇಲೆ -66 ಇದ್ದೀತು.

ಬಯಲಿನಲ್ಲಿ ದೂರ ಇಮ್ಮಡಿಯಾದರೆ ಇಳಿಯುವುದು 6 ಮಾತ್ರ. ಒಂದು ಮೀಟರಿನಿಂದ ಎಂಟು ಮೀಟರಿಗೆ ಹೋದರೆ ಒಟ್ಟು 18. ಹಾಗಾಗಿ ನಮ್ಮ ಮನೆಗಳಲ್ಲಿ ಸಿಗ್ನಲ್ ಕೊಲ್ಲುವುದು ದೂರವಲ್ಲ, ನಡುವೆ ಬರುವ ಸಾಮಾನು. ಇಟ್ಟಿಗೆ ಗೋಡೆಯೊಂದು ಆರರಿಂದ ಹತ್ತರವರೆಗೆ ತಿನ್ನುತ್ತದೆ. ಕಬ್ಬಿಣದ ಸರಳು ತುಂಬಿದ ಆರ್‌ಸಿಸಿ ಮೋಲ್ಡು ಹದಿನೈದಕ್ಕೂ ಹೆಚ್ಚು. 5 ಗಿಗಾಹರ್ಟ್ಸ್‌ಗೆ ಈ ಪೆಟ್ಟು 2.4ಕ್ಕಿಂತ ಜೋರು. ಕರಾವಳಿಯ ದಪ್ಪ ಕೆಂಪುಕಲ್ಲಿನ ಗೋಡೆ, ಮಲೆನಾಡಿನ ಒಂದೂವರೆ ಅಡಿಯ ಮಣ್ಣಿನ ಗೋಡೆ ಇನ್ನೂ ಹಸಿದವು, ಅದರಲ್ಲೂ ಮಳೆಗಾಲದಲ್ಲಿ ನೆಂದಾಗ. ಸ್ಟೀಲ್ ಬೀರು, ಆಳೆತ್ತರದ ಕನ್ನಡಿ, ಫ್ರಿಜ್ಜು ಸಿಗ್ನಲನ್ನು ಹಿಂದಕ್ಕೆ ತಳ್ಳುತ್ತವೆ. ನೀರಿನ ಟ್ಯಾಂಕು, ಮೀನಿನ ತೊಟ್ಟಿ ಹೀರಿಕೊಳ್ಳುತ್ತವೆ. ಮನುಷ್ಯನ ಮೈಯೂ ಬಹುಪಾಲು ನೀರೇ. ರೂಟರಿಗೆ ಬೆನ್ನು ಹಾಕಿ ನಿಂತರೆ ಅಂಕಿ ಕೆಲವು ಮೆಟ್ಟಿಲು ಇಳಿಯುತ್ತದೆ. ಅಳೆಯುವಾಗ ಫೋನನ್ನು ಒಂದೇ ರೀತಿ ಹಿಡಿಯಿರಿ, ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿ ನಡುವಿನ ಅಂಕಿ ಬರೆದುಕೊಳ್ಳಿ. ಎರಡು ಫೋನುಗಳ ಅಂಕಿ ಹೋಲಿಸಬೇಡಿ, ಒಂದೊಂದರ ಆಂಟೆನಾ ಒಂದೊಂದು ಥರ.

ಕಾಗದದ ಮೇಲೆ ಮನೆಯ ನಕ್ಷೆ ಗೀಚಿ ಈ ಅಂಕಿಗಳನ್ನು ಬರೆದರೆ ಉತ್ತರ ಎದ್ದು ಕಾಣುತ್ತದೆ. ಮೇಲಿನ ಉದಾಹರಣೆಯಲ್ಲಿ ಮೆಟ್ಟಿಲ ತಿರುವಿನ -58 ಗಮನಿಸಿ. ಮೆಟ್ಟಿಲಿರುವ ಜಾಗದಲ್ಲಿ ಮೋಲ್ಡು ತೆರೆದಿರುತ್ತದೆ, ಸಿಗ್ನಲ್ ಮೇಲೇರುವುದು ಅಲ್ಲಿಂದ. ರೂಟರನ್ನು ಟಿವಿ ಮೂಲೆಯಿಂದ ತೆಗೆದು ಮೆಟ್ಟಿಲ ಬುಡದ ಗೋಡೆಗೆ ಆಳೆತ್ತರದಲ್ಲಿ ಹಾಕಿದರೆ ಮೇಲಿನ ಎರಡೂ ರೂಮು ಬದುಕಿಕೊಳ್ಳುವ ಸಂಭವ ದೊಡ್ಡದು. ಇದಕ್ಕೆ ಬೇಕಾದ್ದು ಹತ್ತಿಪ್ಪತ್ತು ಅಡಿ ಹೆಚ್ಚುವರಿ ಫೈಬರ್ ಮತ್ತು ಒಂದು ಪ್ಲಗ್ ಪಾಯಿಂಟು. ಫೈಬರನ್ನು ಮೂಲೆಯಲ್ಲಿ ಚೂಪಾಗಿ ಮಡಿಸದಂತೆ ಹೇಳಿ, ಮಡಿಸಿದಲ್ಲಿ ಬೆಳಕು ಸೋರುತ್ತದೆ. ಆಂಟೆನಾ ನೆಟ್ಟಗೆ ನಿಲ್ಲಿಸಿದರೆ ಸಿಗ್ನಲ್ ಸುತ್ತಲೂ ಅಡ್ಡಕ್ಕೆ ಹರಡುತ್ತದೆ, ನೆತ್ತಿಯ ಮೇಲಕ್ಕೆ ಕಡಿಮೆ. ಮಹಡಿ ಮನೆಯಲ್ಲಿ ಒಂದನ್ನು ಅಡ್ಡ ಮಲಗಿಸಿ ಮತ್ತೆ ಅಳೆದು ನೋಡಿ.

ಚಾನೆಲ್ ಗ್ರಾಫ್ ಮತ್ತು ನೆರೆಹೊರೆ

ಅನಲೈಸರ್ ಆ್ಯಪ್‌ಗಳ ಅತ್ಯಂತ ಆಕರ್ಷಕ ಪುಟ ಬಣ್ಣಬಣ್ಣದ ಕಮಾನುಗಳ ಗ್ರಾಫ್. ಒಂದೊಂದು ಕಮಾನು ಒಂದೊಂದು ಮನೆಯ ವೈಫೈ. ಅಪಾರ್ಟ್‌ಮೆಂಟಿನಲ್ಲಿ ತೆರೆದರೆ ಕಮಾನಿನ ಮೇಲೆ ಕಮಾನು ಬಿದ್ದು ಏನೂ ಕಾಣದಷ್ಟು ದಟ್ಟಣೆ.

2.4 ಗಿಗಾಹರ್ಟ್ಸ್‌ನಲ್ಲಿ ನಮ್ಮಲ್ಲಿ 1ರಿಂದ 13ರವರೆಗೆ ಚಾನೆಲ್‌ಗಳಿವೆ, ಅಂದರೆ ಬ್ಯಾಂಡಿನೊಳಗಿನ ಓಣಿಗಳು. ಕೇಳಲು ಹದಿಮೂರು, ಆದರೆ ಒಂದಕ್ಕೂ ಇನ್ನೊಂದಕ್ಕೂ ಅಂತರ 5 ಮೆಗಾಹರ್ಟ್ಸ್ ಮಾತ್ರ, ಒಂದು ವೈಫೈ ಬಳಸುವ ಅಗಲ 20–22. ಒಂದರ ಮೇಲೊಂದು ಬೀಳದೆ ಕೂರುವುದು ಮೂರೇ: 1, 6, 11. ಒಂದೇ ಚಾನೆಲ್‌ನಲ್ಲಿರುವ ರೂಟರುಗಳು ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದರಿಂದ ಸರದಿ ಕಾಯುತ್ತವೆ. ಬೀದಿ ನಲ್ಲಿಯ ಮುಂದೆ ಕೊಡ ಇಟ್ಟು ಸಾಲು ನಿಂತವರ ಹಾಗೆ ತಡವಾದರೂ ಎಲ್ಲರಿಗೂ ನೀರು ಸಿಗುತ್ತದೆ. 3ರಲ್ಲೋ 4ರಲ್ಲೋ ಕೂತ ರೂಟರಿಗೆ 1ರವರ ಮಾತೂ 6ರವರ ಮಾತೂ ಅರೆಬರೆಯಾಗಿ, ಬರೀ ಗದ್ದಲವಾಗಿ ಕೇಳುತ್ತದೆ. ಅದರಿಂದ ಅವರಿಗೂ ತೊಂದರೆ, ಇದಕ್ಕೂ ತೊಂದರೆ. ಹೀಗಾಗಿ ‘3 ಖಾಲಿ ಕಾಣ್ತಿದೆ, ಅಲ್ಲಿಗೆ ಹೋಗೋಣ’ ಎಂಬ ಯೋಚನೆ ತಪ್ಪು. ಕೆಲವು ಆ್ಯಪ್‌ಗಳು ನಕ್ಷತ್ರ ಕೊಟ್ಟು ಇಂಥ ನಡುವಿನ ಚಾನೆಲನ್ನೇ ಶಿಫಾರಸು ಮಾಡುತ್ತವೆ, ಕಿವಿಗೊಡಬೇಡಿ. 1, 6, 11ರಲ್ಲಿ ಜೋರು ಕಮಾನುಗಳು ಎಲ್ಲಿ ಕಡಿಮೆಯೋ ಅದನ್ನು ರೂಟರಿನ ಪುಟದಲ್ಲಿ (ಬ್ರೌಸರಿನಲ್ಲಿ ಗೇಟ್‌ವೇ ವಿಳಾಸ ಹೊಡೆದರೆ ತೆರೆಯುವ ಸೆಟ್ಟಿಂಗ್ಸ್ ಪುಟ) ಆಯ್ದುಕೊಳ್ಳಿ. ಈ ಬ್ಯಾಂಡಿನಲ್ಲಿ ಚಾನೆಲ್ ಅಗಲ 40 ಎಂದಿದ್ದರೆ 20ಕ್ಕೆ ಇಳಿಸಿ, ನೆರೆಯವರಿಗೂ ಉಪಕಾರ.

ಗ್ರಾಫ್ ತೋರಿಸದ ಸಂಗತಿಗಳೂ ಇವೆ. ಪ್ರತಿ ರೂಟರ್ ‘ನಾನಿದ್ದೇನೆ’ ಎಂದು ಸೆಕೆಂಡಿಗೆ ಸುಮಾರು ಹತ್ತು ಸಲ ಕೂಗುತ್ತದೆ, ಆ್ಯಪ್ ಎಣಿಸುವುದು ಆ ಕೂಗನ್ನು. ಆ ಮನೆಯವರು ಊರಿಗೆ ಹೋಗಿದ್ದಾರೋ, ಕೂತು 4ಕೆ ಸಿನಿಮಾ ನೋಡುತ್ತಿದ್ದಾರೋ ಅದಕ್ಕೆ ಗೊತ್ತಿಲ್ಲ. ಹತ್ತು ಸುಮ್ಮನಿರುವ ರೂಟರುಗಳಿಗಿಂತ ದುಡಿಯುತ್ತಿರುವ ಒಂದೇ ರೂಟರಿನ ಕಾಟ ಹೆಚ್ಚು. ಮೈಕ್ರೋವೇವ್ ಓವನ್, ಬ್ಲೂಟೂತ್, ಕೆಲವು ವೈರ್‌ಲೆಸ್ ಕ್ಯಾಮೆರಾಗಳು ಇದೇ ಬ್ಯಾಂಡಿನಲ್ಲಿ ಸದ್ದು ಮಾಡುತ್ತವೆ. ಅವು ವೈಫೈ ಭಾಷೆಯಲ್ಲಿ ಮಾತಾಡದ ಕಾರಣ ಗ್ರಾಫಿನಲ್ಲಿ ಕಾಣುವುದೇ ಇಲ್ಲ. ಇನ್ನೂ ಒಂದಿದೆ: ಆ್ಯಪ್ ಹೇಳುವುದು ಫೋನಿಗೆ ರೂಟರ್ ಎಷ್ಟು ಚೆನ್ನಾಗಿ ಕೇಳಿಸುತ್ತಿದೆ ಎಂದು ಮಾತ್ರ. ಫೋನಿನ ದನಿ ರೂಟರಿನ ದನಿಗಿಂತ ಮೆಲ್ಲಗೆ. ಅಂಚಿನ ಜಾಗಗಳಲ್ಲಿ ಅಂಕಿ ಚೆನ್ನಾಗಿದ್ದೂ ನಿಮ್ಮ ಮಾತು ಆಚೆಗೆ ಹೋಗದಿರುವುದು ಇದರಿಂದ.

ಇಷ್ಟೆಲ್ಲ ತಿಳಿದ ಮೇಲೆ ಬರುವ ತೀರ್ಮಾನ ಸರಳ: ಸಾಧ್ಯವಿರುವ ಸಾಧನಗಳನ್ನೆಲ್ಲ 5 ಗಿಗಾಹರ್ಟ್ಸ್‌ಗೆ ಹಾಕಿ. ಗೋಡೆ ದಾಟಲು ಅದು ಸೋಮಾರಿ ನಿಜ, ಆದರೆ ಪಕ್ಕದ ಮನೆಯವರ ವೈಫೈಗೂ ಅದೇ ಸೋಮಾರಿತನ ಇರುವುದರಿಂದ ಗದ್ದಲ ಕಡಿಮೆ. ಜಾಗವೂ ವಿಶಾಲ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಈ ಬ್ಯಾಂಡಿನಲ್ಲಿ ಒಟ್ಟು 605 ಮೆಗಾಹರ್ಟ್ಸ್‌ನಷ್ಟು ಜಾಗವನ್ನು ಪರವಾನಗಿಯಿಂದ ಮುಕ್ತಗೊಳಿಸಿತು. ಗ್ರಾಫಿನಲ್ಲಿ ಬಹುತೇಕರು 36–48 ಮತ್ತು 149–161ರಲ್ಲಿ ಗುಂಪುಗೂಡಿರುವುದು ಕಾಣುತ್ತದೆ. ನಡುವೆ 52ರಿಂದ 144ರವರೆಗಿನ ಚಾನೆಲ್‌ಗಳನ್ನು ರೇಡಾರ್‌ಗಳೂ ಬಳಸುತ್ತವೆ. ಅಲ್ಲಿಗೆ ಹೋಗುವ ರೂಟರ್ ಮೊದಲು ಕನಿಷ್ಠ ಒಂದು ನಿಮಿಷ ಸುಮ್ಮನೆ ಕಿವಿಗೊಡಬೇಕು, ಮುಂದೆ ಯಾವಾಗ ರೇಡಾರ್ ಕೇಳಿಸಿದರೂ ಜಾಗ ಬಿಟ್ಟು ಏಳಬೇಕು. ವಿಮಾನ ನಿಲ್ದಾಣದ ಆಸುಪಾಸಿನವರಿಗೆ ವೈಫೈ ಇದ್ದಕ್ಕಿದ್ದಂತೆ ಮಾಯವಾಗಿ ಬಂದರೆ ಚಾನೆಲ್ ಸಂಖ್ಯೆ ನೋಡಿ.

ಪಟ್ಟಿಯಲ್ಲಿರುವ ಅಪರಿಚಿತ

ಫಿಂಗ್‌ನಂಥ ಆ್ಯಪ್ ಮನೆಯ ವೈಫೈಗೆ ಯಾರ್‍ಯಾರು ಸೇರಿಕೊಂಡಿದ್ದಾರೆ ಎಂದು ಪಟ್ಟಿ ಮಾಡುತ್ತದೆ. ಮನೆಯೊಳಗಿನ 254 ವಿಳಾಸಗಳಿಗೂ ಒಂದೊಂದಾಗಿ ‘ಇದ್ದೀರಾ?’ ಎಂದು ಕೇಳಿ, ಓಗೊಟ್ಟವರನ್ನು ಬರೆದುಕೊಳ್ಳುತ್ತದೆ. ಈ ಪಟ್ಟಿ ನೋಡಿ ಗಾಬರಿಯಾಗುವವರು ಬಹಳ. ‘ಎಸ್ಪ್ರೆಸಿಫ್’ ಎಂಬ ಚೀನೀ ಹೆಸರು ಕಂಡು ಹ್ಯಾಕರ್ ಎಂದುಕೊಳ್ಳುತ್ತಾರೆ. ಅದು ಶಾಂಘೈನ ಚಿಪ್ ಕಂಪನಿ. ನೀವೇ ಆನ್‌ಲೈನಿನಲ್ಲಿ ತರಿಸಿದ ಸ್ಮಾರ್ಟ್ ಬಲ್ಬು, ಸ್ಮಾರ್ಟ್ ಪ್ಲಗ್ಗಿನ ಹೊಟ್ಟೆಯಲ್ಲಿರುವುದು ಹೆಚ್ಚಾಗಿ ಅದರ ಚಿಪ್ಪೇ. ‘ಮುರಾಟಾ’, ‘ಅಜುರ್‌ವೇವ್’ ಎಂದಿದ್ದರೆ ಬಹುಶಃ ನಿಮ್ಮದೇ ಫೋನು, ಲ್ಯಾಪ್‌ಟಾಪು.

‘ಅನ್‌ನೋನ್’ ಎಂದು ಬಂದರೆ ಅದರ ಮ್ಯಾಕ್ ವಿಳಾಸ (ಸಾಧನದ ಗುರುತಿನ ಸಂಖ್ಯೆ) ನೋಡಿ. ಹೊಸ ಫೋನುಗಳಲ್ಲಿ ಆ್ಯಪ್‌ಗಳಿಗೆ ಮ್ಯಾಕ್ ಓದಲು ಬಿಡುವುದಿಲ್ಲ, ಆಗ ರೂಟರಿನ ಪುಟದಲ್ಲೇ ಹುಡುಕಬೇಕು. ವಿಳಾಸದ ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಕಾರ್ಖಾನೆಯಲ್ಲಿ ಕೊಟ್ಟ ವಿಳಾಸವಲ್ಲ, ಫೋನು ತಾನೇ ಹುಟ್ಟಿಸಿಕೊಂಡ ಸುಳ್ಳು ವಿಳಾಸ. ಗುರುತು ಹಿಡಿದು ಹಿಂಬಾಲಿಸುವವರನ್ನು ತಪ್ಪಿಸಲು ಆಂಡ್ರಾಯ್ಡ್ 10, ಐಒಎಸ್ 14ರಿಂದ ಫೋನುಗಳು ಹೀಗೆ ಮಾಡುತ್ತವೆ. ಮನೆಯ ಒಂದೊಂದೇ ಫೋನಿನ ವೈಫೈ ಆರಿಸುತ್ತ ಬಂದರೆ ಯಾರದೆಂದು ತಿಳಿಯುತ್ತದೆ. ಎಲ್ಲರದೂ ಆರಿಸಿದ ಮೇಲೂ ಒಂದು ಉಳಿದರೆ ಪಾಸ್‌ವರ್ಡ್ ಬದಲಿಸಿ. ಅದೇ ಹೊತ್ತಿಗೆ ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಇಲ್ಲದೆ ಗುಂಡಿ ಒತ್ತಿ ಅಥವಾ ಪಿನ್ ಕೊಟ್ಟು ಸೇರಿಕೊಳ್ಳುವ ಸೌಲಭ್ಯ) ಆಫ್ ಮಾಡಿಬಿಡಿ. ಎಂಟು ಅಂಕಿಯ ಪಿನ್ ಊಹಿಸಿ ಒಳನುಗ್ಗಬಹುದಾದ ಅದರ ದೋಷ 2011ರಿಂದಲೇ ಬಯಲಾಗಿದೆ.

ಸಿಗ್ನಲ್ ಚೆನ್ನಾಗಿದ್ದೂ ತಡವರಿಸಿದರೆ

ಅಂಕಿ -45, ಚಾನೆಲ್ ಖಾಲಿ, ಸ್ಪೀಡ್ ಟೆಸ್ಟ್ ಭರ್ಜರಿ. ಆದರೂ ಸಂಜೆ ಮಗಳ ಆನ್‌ಲೈನ್ ಕ್ಲಾಸ್ ಒದ್ದಾಡುತ್ತದೆ. ಆಗ ಸ್ಪೀಡ್‌ಟೆಸ್ಟ್ ಆ್ಯಪ್‌ನಲ್ಲಿ ವೇಗದ ಕೆಳಗಿರುವ ಮೂರು ಪಿಂಗ್ ಅಂಕಿಗಳನ್ನು ನೋಡಿ: ಸುಮ್ಮನಿದ್ದಾಗ, ಡೌನ್‌ಲೋಡ್ ಆಗುವಾಗ, ಅಪ್‌ಲೋಡ್ ಆಗುವಾಗ. ಮೊದಲನೆಯದು 8, ಮೂರನೆಯದು 400 ಇದ್ದರೆ ಕಾರಣ ಸಿಕ್ಕಿತು. ಯಾರದೋ ಫೋನು ಮದುವೆಯ ಫೋಟೊಗಳನ್ನೆಲ್ಲ ಗೂಗಲ್ ಫೋಟೋಸ್‌ಗೆ ಏರಿಸುತ್ತಿದೆ. ರೂಟರ್ ಆ ಡೇಟಾವನ್ನು ರಾಶಿ ಹಾಕಿಕೊಂಡು ಕೂತಿದೆ. ಕ್ಲಾಸಿನ ಪುಟಾಣಿ ಪ್ಯಾಕೆಟ್‌ಗಳು ರಾಶಿಯ ಹಿಂದೆ ಸಿಕ್ಕಿಕೊಂಡಿವೆ. ಇದನ್ನು ಬಫರ್‌ಬ್ಲೋಟ್ ಎನ್ನುತ್ತಾರೆ. ಜಿಮ್ ಗೆಟಿಸ್ ಎಂಬ ತಂತ್ರಜ್ಞ 2010–11ರ ಹೊತ್ತಿಗೆ ಇದನ್ನು ಎಲ್ಲರ ಗಮನಕ್ಕೆ ತಂದರು. ರೂಟರಿನಲ್ಲಿ ‘ಸ್ಮಾರ್ಟ್ ಕ್ಯೂ’ ಅಥವಾ ‘ಕ್ಯೂಒಎಸ್’ ಎಂಬ, ಡೇಟಾದ ಸಾಲನ್ನು ಹದದಲ್ಲಿಡುವ ಸೌಲಭ್ಯ ಇದ್ದರೆ ಹಾಕಿ. ಕನೆಕ್ಷನ್ ಜೊತೆ ಬರುವ ಡಬ್ಬಿಗಳಲ್ಲಿ ಅದು ಇರುವುದು ಅಪರೂಪ. ಬ್ಯಾಕಪ್ಪನ್ನು ರಾತ್ರಿಗೆ ಮುಂದೂಡುವುದೇ ಸುಲಭದ ಮದ್ದು.

ರೂಟರ್ ಜರುಗಿಸಿಯೂ ಮೇಲಿನ ಕೋಣೆಯಲ್ಲಿ -70ಕ್ಕಿಂತ ಒಳ್ಳೆಯ ಅಂಕಿ ತರಲಾಗದಿದ್ದರೆ ಇನ್ನೊಂದು ಪೆಟ್ಟಿಗೆ ಬೇಕು. ಅಗ್ಗದ ಎಕ್ಸ್‌ಟೆಂಡರನ್ನು ಸಿಗ್ನಲ್ ಇಲ್ಲದ ಕೋಣೆಯಲ್ಲೇ ಇಡುವುದು ಎಲ್ಲರೂ ಮಾಡುವ ತಪ್ಪು. ಅದಕ್ಕೇ ಕೇಳಿಸದ್ದನ್ನು ಅದು ಹೇಗೆ ದಾಟಿಸೀತು? ಆ್ಯಪ್ -60ರ ಆಸುಪಾಸು ತೋರಿಸುವ ಜಾಗ, ಅಂದರೆ ನಮ್ಮ ಮನೆಯಲ್ಲಿ ಮೆಟ್ಟಿಲ ತಿರುವು, ಅದಕ್ಕೆ ಸರಿ. ಅಲ್ಲಿಟ್ಟರೂ ಒಂದೇ ರೇಡಿಯೊದಲ್ಲಿ ಕೇಳಿ ಹೇಳಬೇಕಾದ್ದರಿಂದ ವೇಗ ಅರ್ಧವಾಗುತ್ತದೆ. ನನ್ನನ್ನು ಕೇಳಿದರೆ ಮೇಲಕ್ಕೊಂದು ಲ್ಯಾನ್ ಕೇಬಲ್ ಎಳೆಸಿ, ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಹಳೆಯ ರೂಟರನ್ನು ‘ಆ್ಯಕ್ಸೆಸ್ ಪಾಯಿಂಟ್’ ಮೋಡಿನಲ್ಲಿ ಸಿಕ್ಕಿಸುವುದು ತಮ್ಮೊಳಗೆ ಜೋಡಿಕೊಂಡು ಕೆಲಸ ಮಾಡುವ ದುಬಾರಿ ಮೆಶ್ ರೂಟರುಗಳಿಗಿಂತ ಎಷ್ಟೋ ವಾಸಿ. ಹೊಸ ಮನೆ ಕಟ್ಟಿಸುವವರು ವೈರಿಂಗ್ ಹಂತದಲ್ಲೇ ಪ್ರತಿ ಮಹಡಿಗೂ ಒಂದು ಖಾಲಿ ಪೈಪು ಬಿಡಿಸಿಕೊಳ್ಳಿ.

ಇನ್ನು, ರೂಟರಿನ ಪಕ್ಕದ ಪರೀಕ್ಷೆಯಲ್ಲೇ ಸೋತು ದೋಷ ಲೈನಿನದೆಂದು ಖಚಿತವಾದರೆ ದೂರು ಕೊಡುವ ಮುಂಚೆ ರೂಟರಿನ ಪುಟ ತೆರೆದು ‘ಆಪ್ಟಿಕಲ್ ಆರ್‌ಎಕ್ಸ್ ಪವರ್’ ಎಂಬುದನ್ನು ಹುಡುಕಿ. ಕೆಲವು ಡಬ್ಬಿಗಳಲ್ಲಿ ಅದು ಕಾಣುತ್ತದೆ. ಫೈಬರಿನಲ್ಲಿ ಬರುವ ಬೆಳಕಿನ ಅಳತೆಯೂ ಡಿಬಿಎಂನಲ್ಲೇ. ಮನೆಗಳಿಗೆ ಫೈಬರ್ ಕೊಡುವ ಜಿಪಾನ್ ಎಂಬ ತಂತ್ರದ ಸಾಮಾನ್ಯ ಕನೆಕ್ಷನ್ನಿನಲ್ಲಿ ಅದು -8ಕ್ಕೂ -27ಕ್ಕೂ ನಡುವೆ ಇರಬೇಕು. -28, -29 ಎಂದು ತೋರಿಸುತ್ತಿದ್ದರೆ ಎಲ್ಲೋ ಕಂಬದ ಮೇಲೆ ಜೋಡಣೆ ಸಡಿಲಾಗಿದೆ, ಇಲ್ಲವೇ ಎಳೆ ಮಡಿಸಿದೆ. ‘ನೆಟ್ ಸ್ಲೋ ಇದೆ’ ಎಂದರೆ ರೂಟರ್ ಆಫ್ ಮಾಡಿ ಆನ್ ಮಾಡಿ ಎನ್ನುತ್ತಾರೆ. ‘ಕೇಬಲ್‌ನಲ್ಲಿ ಅಳೆದರೂ 300ಕ್ಕೆ 60 ಬರ್ತಿದೆ, ಗೇಟ್‌ವೇ ಪಿಂಗ್ ಸರಿಯಿದೆ, ಆರ್‌ಎಕ್ಸ್ ಪವರ್ ಮೈನಸ್ 29 ಇದೆ’ ಎಂದು ಹೇಳಿ ಸ್ಕ್ರೀನ್‌ಶಾಟ್ ಕಳಿಸಿ. ಪವರ್ ಮೀಟರ್ ಹಿಡಿದ ಹುಡುಗನನ್ನೇ ಕಳಿಸಿ ಎಂದು ಪಟ್ಟು ಹಿಡಿಯಲು ಅಷ್ಟು ಸಾಕು.